ವೆಬ್‌ಸೈಟ್ ಕದ್ದವರು ಬೇರೆ ದೇಶದಲ್ಲಿದ್ದರೆ: ಬೀಗಕ್ಕಿಂತ ದಾಖಲೆ ಮುಖ್ಯ

ಅಮೆರಿಕದ ಕ್ಯಾನ್ಸಸ್ ರಾಜ್ಯದಲ್ಲಿ ರೂರಲ್ ಎಂಬ ಟೆಲಿಫೋನ್ ಕಂಪನಿ ಇತ್ತು. ತನ್ನ ಗ್ರಾಹಕರ ಹೆಸರು, ಊರು, ನಂಬರ್ ಸೇರಿಸಿ ಅದು ಡೈರೆಕ್ಟರಿ ಅಚ್ಚು ಹಾಕಿಸುತ್ತಿತ್ತು. ಯಾರಾದರೂ ನಕಲು ಮಾಡಿದರೆ ಗೊತ್ತಾಗಲಿ ಅಂತ ಮಧ್ಯೆ ಮಧ್ಯೆ ಇಲ್ಲದ ಜನರ ಹೆಸರನ್ನೂ ಸೇರಿಸಿತ್ತು. ಫೀಸ್ಟ್ ಎಂಬ ಇನ್ನೊಂದು ಕಂಪನಿ ಈ ಪಟ್ಟಿ ಬಳಸಲು ಅನುಮತಿ ಕೇಳಿತು. ಸಿಗಲಿಲ್ಲ. ಆದರೂ ಬಳಸಿಕೊಂಡಿತು. ಹೋಲಿಸಿ ನೋಡಿದಾಗ 1,309 ಹೆಸರುಗಳು ಇದ್ದ ಹಾಗೆಯೇ ಬಂದಿದ್ದವು. ಅವುಗಳಲ್ಲಿ 4 ಆ ಸುಳ್ಳು ಹೆಸರುಗಳು.

ನಕಲು ಮಾಡಿದ್ದು ಸಾಬೀತಾಯಿತು. ಆದರೂ 1991ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್‌ನಲ್ಲಿ ಸೋತದ್ದು ರೂರಲ್. ಹೆಸರು, ನಂಬರುಗಳನ್ನು ಅಕ್ಷರಗಳ ಕ್ರಮದಲ್ಲಿ ಜೋಡಿಸುವುದರಲ್ಲಿ ಸ್ವಂತಿಕೆ ಇಲ್ಲ, ಬರೀ ಶ್ರಮಕ್ಕೆ ಕಾಪಿರೈಟ್ ಸಿಗುವುದಿಲ್ಲ ಎಂದಿತು ಕೋರ್ಟ್.

ವೆಬ್‌ಸೈಟ್ ಕಳವಿನ ಮಾತು ಬಂದಾಗಲೆಲ್ಲ ನನಗೆ ಈ ಕೇಸು ನೆನಪಾಗುತ್ತದೆ. ಕದ್ದದ್ದನ್ನು ಹಿಡಿಯುವುದು ಒಂದು ಕೆಲಸ. ಕದ್ದದ್ದು ನಮ್ಮದೇ ಎಂದು ತೋರಿಸುವುದು ಬೇರೆಯೇ ಕೆಲಸ. ಕದ್ದವರು ಇನ್ನೊಂದು ದೇಶದಲ್ಲಿದ್ದರೆ ಮೂರನೆಯ ಕೆಲಸವೂ ಸೇರಿಕೊಳ್ಳುತ್ತದೆ: ಯಾರ ಬಾಗಿಲು ತಟ್ಟಬೇಕು ಎಂದು ಕಂಡುಕೊಳ್ಳುವುದು. ಹೆಚ್ಚಿನವರು ಮೊದಲ ಕೆಲಸಕ್ಕೇ ಎಲ್ಲ ಸಮಯ ಸುರಿಯುತ್ತಾರೆ. ಉಳಿದ ಎರಡಕ್ಕೆ ತಯಾರಿಯೇ ಇರುವುದಿಲ್ಲ.

ಬೀಗ ಹಾಕಲು ಬಾಗಿಲೇ ಇಲ್ಲ

ವೆಬ್‌ಸೈಟ್ ಕೆಲಸ ಮಾಡುವ ರೀತಿಯಲ್ಲೇ ಒಂದು ತೊಡಕಿದೆ. ಯಾರೋ ನಮ್ಮ ಸೈಟ್ ತೆರೆದರು ಅಂದರೆ, ಅದರ ಎಚ್‌ಟಿಎಂಎಲ್, ಸಿಎಸ್ಎಸ್, ಜಾವಾಸ್ಕ್ರಿಪ್ಟ್, ಚಿತ್ರ, ಫಾಂಟ್ ಎಲ್ಲವನ್ನೂ ನಾವೇ ಅವರ ಕಂಪ್ಯೂಟರ್‌ಗೆ ಕಳಿಸಿದ್ದೇವೆ ಎಂದರ್ಥ. ಅದನ್ನು ಓದಿ ಪುಟ ಕಟ್ಟುವುದು ಅವರ ಬ್ರೌಸರ್. ಹೀಗಿರುವಾಗ ಮೌಸ್‌ನ ಬಲ ಕ್ಲಿಕ್ ಆಗದಂತೆ ತಡೆದು ಏನು ಪ್ರಯೋಜನ? ಬ್ರೌಸರ್ ಜೊತೆಗೇ ಬರುವ ಡೆವಲಪರ್ ಟೂಲ್ಸ್ ತೆರೆದರೆ ಎಲ್ಲ ಕಾಣುತ್ತದೆ. ಇಡೀ ಸೈಟನ್ನು ಒಂದೇ ಆಜ್ಞೆಯಲ್ಲಿ ಇಳಿಸಿಕೊಳ್ಳುವ ಉಚಿತ ಟೂಲ್‌ಗಳು ಎಷ್ಟೋ ವರ್ಷಗಳಿಂದ ಇವೆ. ಬಲ ಕ್ಲಿಕ್ ತಡೆದರೆ ತೊಂದರೆ ಆಗುವುದು ಒಂದು ಸಾಲು ಕಾಪಿ ಮಾಡಿಕೊಳ್ಳಲು ಬಂದ ಒಳ್ಳೆಯ ಓದುಗರಿಗೆ.

ಕೋಡನ್ನು ಗಂಟು ಹಾಕಿ ಓದಲಾಗದಂತೆ ಮಾಡುವುದು, ಅಂದರೆ ಆಬ್‌ಫಸ್ಕೇಶನ್, ಸ್ವಲ್ಪ ತಡ ಮಾಡಿಸುತ್ತದೆ, ಅಷ್ಟೇ. ಇದ್ದ ಹಾಗೆ ಎತ್ತಿ ಹಾಕುವವರಿಗೆ ಅದನ್ನು ಓದುವ ಅಗತ್ಯವೇ ಇಲ್ಲವಲ್ಲ.

ಹಾಗಂತ ಎಲ್ಲವನ್ನೂ ಬಿಟ್ಟು ಕೂರಬೇಕಿಲ್ಲ. ನಿಜವಾಗಿ ಬೆಲೆಬಾಳುವ ಲೆಕ್ಕಾಚಾರ ಬ್ರೌಸರ್‌ಗೆ ಹೋಗಲೇಬಾರದು. ಬೆಲೆ ನಿರ್ಧರಿಸುವ ಸೂತ್ರ, ಹುಡುಕಾಟದ ಶ್ರೇಣಿ, ಶಿಫಾರಸಿನ ತರ್ಕ ಇವೆಲ್ಲ ಸರ್ವರ್‌ನಲ್ಲಿ ಕೂರಲಿ. ಬ್ರೌಸರ್‌ಗೆ ಬರುವುದು ಉತ್ತರ ಮಾತ್ರ. ಕಳ್ಳರು ಮುಖ ಕದಿಯಬಹುದು, ಮಿದುಳು ಕದಿಯಲಾಗುವುದಿಲ್ಲ. ಇನ್ನು ನಾವೇ ಗೊತ್ತಿಲ್ಲದೆ ಕೊಟ್ಟುಬಿಡುವ ವಿಷಯಗಳೂ ಇವೆ. ಕೋಡ್ ಕುಗ್ಗಿಸಿ ಲೈವ್ ಮಾಡುವಾಗ ಸೋರ್ಸ್ ಮ್ಯಾಪ್ ಫೈಲುಗಳನ್ನು, ಅಂದರೆ ಕುಗ್ಗಿಸಿದ ಕೋಡನ್ನು ಮೂಲ ಕೋಡಿಗೆ ಹೊಂದಿಸಿ ತೋರಿಸುವ ಫೈಲುಗಳನ್ನು, ಜೊತೆಗೇ ಬಿಟ್ಟರೆ, ಕುಗ್ಗಿಸುವ ಮೊದಲಿನ ಕೋಡು ನಮ್ಮ ಟಿಪ್ಪಣಿಗಳ ಸಮೇತ ಸಿಗಬಹುದು. ಕೋಡಿನ ಒಂದೊಂದು ಬದಲಾವಣೆಯನ್ನೂ ದಾಖಲಿಸುವ ಗಿಟ್ ಎಂಬ ಟೂಲ್‌ನ ಫೋಲ್ಡರ್ ಸರ್ವರ್‌ನಲ್ಲಿ ತೆರೆದೇ ಇದ್ದರೆ ಇಡೀ ಇತಿಹಾಸವೇ ಹೊರಗೆ ಹೋಗುತ್ತದೆ. ಸೈಟ್ ಲೈವ್ ಆದ ದಿನವೇ ಇವೆರಡನ್ನು ಪರೀಕ್ಷಿಸಿಕೊಳ್ಳಿ. ಹತ್ತು ನಿಮಿಷದ ಕೆಲಸ.

ಯಾವುದು ನಮ್ಮದು, ಯಾವುದು ಅಲ್ಲ

ಇದು ಕೇಳಲು ಕಷ್ಟವಾದ ಭಾಗ. ಆದರೆ ಇಲ್ಲೇ ಜಾಸ್ತಿ ಜನ ಎಡವುತ್ತಾರೆ.

ಕಾಪಿರೈಟ್ ಕಾಯುವುದು ವಿಚಾರವನ್ನಲ್ಲ, ಅದನ್ನು ನಾವು ಹೇಳಿದ ಬಗೆಯನ್ನು. 1995ರಲ್ಲಿ ಜಾರಿಗೆ ಬಂದ ಟ್ರಿಪ್ಸ್ ಎಂಬ, ಬೌದ್ಧಿಕ ಆಸ್ತಿಯ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಇದು ನೇರವಾಗಿಯೇ ಇದೆ. ಅದರ 9ನೇ ವಿಧಿಯ ಪ್ರಕಾರ ವಿಚಾರ, ವಿಧಾನ, ಕೆಲಸದ ಕ್ರಮ ಇವಕ್ಕೆ ರಕ್ಷಣೆ ಇಲ್ಲ. 10ನೇ ವಿಧಿಯ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಂಗೆ ಸಾಹಿತ್ಯ ಕೃತಿಗೆ ಸಿಗುವ ರಕ್ಷಣೆಯೇ ಸಿಗುತ್ತದೆ. ಅಂದರೆ ನಾವು ಬರೆದ ಕೋಡು ನಾವು ಬರೆದ ಕವಿತೆಯ ಹಾಗೆ. ಆದರೆ "ಮೇಲೆ ದೊಡ್ಡ ಚಿತ್ರ, ಕೆಳಗೆ ಮೂರು ಡಬ್ಬಿ, ಬಲಕ್ಕೆ ಬಟನ್" ಎಂಬ ಜೋಡಣೆ ಕವಿತೆಯಲ್ಲ. ಅದು ಎಲ್ಲರದ್ದೂ.

2004ರಲ್ಲಿ ಇಂಗ್ಲೆಂಡಿನ ಹೈಕೋರ್ಟ್ ತೀರ್ಮಾನಿಸಿದ ನ್ಯಾವಿಟೇರ್ ಮತ್ತು ಈಸಿಜೆಟ್ ಕೇಸು ಇದನ್ನು ಚೆನ್ನಾಗಿ ತೋರಿಸುತ್ತದೆ. ನ್ಯಾವಿಟೇರ್ ಮಾಡಿಕೊಟ್ಟ ಟಿಕೆಟ್ ಬುಕಿಂಗ್ ವ್ಯವಸ್ಥೆಯನ್ನು ಈಸಿಜೆಟ್ ವಿಮಾನ ಕಂಪನಿ ಬಳಸುತ್ತಿತ್ತು. ಆಮೇಲೆ ಬೇರೆಯವರಿಂದ ಹೊಸದೊಂದನ್ನು ಬರೆಸಿತು. ಬಳಸುವವರಿಗೆ ಹೊಸದಕ್ಕೂ ಹಳೆಯದಕ್ಕೂ ವ್ಯತ್ಯಾಸವೇ ಕಾಣುತ್ತಿರಲಿಲ್ಲ. ಆದರೆ ಹಳೆಯ ಕೋಡನ್ನು ಯಾರೂ ನೋಡಿರಲಿಲ್ಲ. ವ್ಯವಹಾರದ ತರ್ಕವನ್ನು, ಕಮಾಂಡುಗಳನ್ನು ಅನುಕರಿಸಿದ್ದು ತಪ್ಪಲ್ಲ ಎಂದಿತು ಕೋರ್ಟ್. ಆದರೆ ಪರದೆಯ ಐಕಾನ್‌ಗಳನ್ನು ನಕಲು ಮಾಡಿದ್ದು ತಪ್ಪು ಎಂದಿತು, ಯಾಕೆಂದರೆ ಅವು ಚಿತ್ರಗಳು. ಗಮನಿಸಿ: ಇಷ್ಟು ದೊಡ್ಡ ವ್ಯವಸ್ಥೆಯ ತರ್ಕಕ್ಕೆ ಸಿಗದ ಕಾಪಿರೈಟ್ ಪುಟ್ಟ ಐಕಾನ್‌ಗಳಿಗೆ ಸಿಕ್ಕಿತು.

ಬೇರೆ ಕೋರ್ಟುಗಳೂ ಹೀಗೇ ಗೆರೆ ಎಳೆದಿವೆ. ವಿಂಡೋಸ್ ತನ್ನ ಪರದೆಯ ನೋಟವನ್ನು ಹೋಲುತ್ತದೆ ಎಂದು ಮೈಕ್ರೋಸಾಫ್ಟ್ ಮೇಲೆ ಆಪಲ್ ಹೂಡಿದ ಕೇಸು 1994ರಲ್ಲಿ ಮೇಲ್ಮನವಿಯಲ್ಲೂ ಬಿದ್ದುಹೋಯಿತು. ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2010ರಲ್ಲಿ ಇನ್ನೊಂದು ಮಾತು ಸೇರಿಸಿತು: ಪರದೆಯ ಇಂಟರ್‌ಫೇಸ್‌ಗೆ ಕಂಪ್ಯೂಟರ್ ಪ್ರೋಗ್ರಾಂ ಎಂಬ ಹೆಸರಿನಲ್ಲಿ ರಕ್ಷಣೆ ಇಲ್ಲ, ಆದರೆ ಅದು ಮಾಡಿದವರ ಸ್ವಂತ ಸೃಷ್ಟಿಯಾಗಿದ್ದರೆ ಸಾಮಾನ್ಯ ಕೃತಿಯಾಗಿ ರಕ್ಷಣೆ ಪಡೆಯಬಹುದು. ನಮ್ಮ ಸೈಟ್‌ನ ನೋಟಕ್ಕೆ ಹಕ್ಕು ಇಲ್ಲವೇ ಇಲ್ಲ ಎಂದಲ್ಲ. ಎಲ್ಲರೂ ಬಳಸುವ ಜೋಡಣೆಯನ್ನು ಪಕ್ಕಕ್ಕಿಟ್ಟ ಮೇಲೆ ಏನು ಉಳಿಯುತ್ತದೋ ಅದಕ್ಕೆ ಹಕ್ಕು ಇದೆ. ಬರೆದ ಮಾತು, ತೆಗೆದ ಫೋಟೊ, ಬಿಡಿಸಿದ ಚಿತ್ರ, ಬರೆದ ಕೋಡು ಇವು ಗಟ್ಟಿಯಾಗಿ ನಿಲ್ಲುತ್ತವೆ. ಬಣ್ಣ, ಅಂತರ, ಮೆನು ಇರುವ ಜಾಗ ಇವು ಬಿಡಿಬಿಡಿಯಾಗಿ ನಿಲ್ಲುವುದು ಕಷ್ಟ.

ನೋಟವನ್ನೇ ಕಾಪಾಡಿಕೊಳ್ಳಬೇಕು ಎನ್ನುವವರಿಗೆ ವಿನ್ಯಾಸದ ನೋಂದಣಿ ಎಂಬ ಬೇರೆ ದಾರಿ ಇದೆ. ಯುರೋಪಿಯನ್ ಒಕ್ಕೂಟದ ಹೊಸ ವಿನ್ಯಾಸ ಕಾನೂನು 2025ರ ಮೇ 1ರಿಂದ ಜಾರಿಯಲ್ಲಿದೆ. ಪರದೆಯ ಇಂಟರ್‌ಫೇಸ್, ಚಲಿಸುವ ಚಿತ್ರ ಇವೂ ವಿನ್ಯಾಸದೊಳಗೆ ಬರುತ್ತವೆ ಎಂದು ಅದು ಸ್ಪಷ್ಟವಾಗಿಯೇ ಹೇಳುತ್ತದೆ. ಅಮೆರಿಕದಲ್ಲಿ ಡಿಸೈನ್ ಪೇಟೆಂಟ್ 15 ವರ್ಷ ನಡೆಯುತ್ತದೆ. ಆದರೆ ಎರಡು ವರ್ಷಕ್ಕೊಮ್ಮೆ ಮುಖ ಬದಲಿಸುವ ಸೈಟ್‌ಗೆ ಇದರ ಖರ್ಚು ಹೊಂದುವುದು ಅಪರೂಪ ಅಂತ ನನಗನಿಸುತ್ತದೆ.

ಇನ್ನೊಂದು ಪ್ರಶ್ನೆ. ನಮ್ಮ ಸೈಟ್‌ನಲ್ಲಿ ನಾವೇ ಬರೆದ ಕೋಡು ಎಷ್ಟು? ಇಂದಿನ ಬಹಳಷ್ಟು ಸೈಟ್‌ಗಳಲ್ಲಿ ಬೇರೆಯವರ ಲೈಬ್ರರಿಗಳದ್ದೇ, ಅಂದರೆ ಬರೆದಿಟ್ಟ ಸಿದ್ಧ ಕೋಡಿನದ್ದೇ, ದೊಡ್ಡ ಪಾಲು. ಅವು ನಮ್ಮವಲ್ಲ. ಸೈಟ್ ಕಟ್ಟುವ ಸಾಫ್ಟ್‌ವೇರ್ ವರ್ಡ್‌ಪ್ರೆಸ್‌ಗೆ ಥೀಮ್ (ಸಿದ್ಧ ವಿನ್ಯಾಸ) ಮಾಡುವವರು ಇದನ್ನು ತಿಳಿದಿರಲೇಬೇಕು. ವರ್ಡ್‌ಪ್ರೆಸ್ ಇರುವುದು ಜಿಪಿಎಲ್ ಎಂಬ ಮುಕ್ತ ಲೈಸೆನ್ಸ್ ಅಡಿಯಲ್ಲಿ. ಥೀಮ್‌ನ ಪಿಎಚ್‌ಪಿ ಭಾಗಕ್ಕೂ ಅದೇ ಲೈಸೆನ್ಸ್ ಅನ್ವಯಿಸುತ್ತದೆ, ಚಿತ್ರ ಮತ್ತು ಸಿಎಸ್ಎಸ್‌ಗೆ ಅನ್ವಯಿಸಲೇಬೇಕೆಂದಿಲ್ಲ ಎಂಬುದು ವರ್ಡ್‌ಪ್ರೆಸ್ 2009ರಿಂದ ಹೇಳುತ್ತಾ ಬಂದಿರುವ ನಿಲುವು. ಜಿಪಿಎಲ್ ಅಡಿ ಹಂಚಿದ ಕೋಡನ್ನು ಇನ್ನೊಬ್ಬರು ಬಳಸಿದರೆ ಅದು ಕಳವಲ್ಲ, ನಾವೇ ಕೊಟ್ಟ ಅನುಮತಿ. ಆದರೆ ಅವರು ಲೈಸೆನ್ಸ್‌ನ ಷರತ್ತು ಮುರಿದರೆ ಮಾತು ಬೇರೆ. ಮುಕ್ತ ಲೈಸೆನ್ಸ್‌ನ ಷರತ್ತು ಮುರಿಯುವುದೂ ಕಾಪಿರೈಟ್ ಉಲ್ಲಂಘನೆ ಆಗಬಹುದು ಎಂದು ಅಮೆರಿಕದ ಫೆಡರಲ್ ಮೇಲ್ಮನವಿ ನ್ಯಾಯಾಲಯ 2008ರಲ್ಲೇ ಹೇಳಿದೆ.

ಸೈಟ್ ಮಾಡಿಸಿದವರಿಗೂ ಒಂದು ಮಾತು. ಹಣ ಕೊಟ್ಟ ಮಾತ್ರಕ್ಕೆ ಕಾಪಿರೈಟ್ ನಿಮ್ಮ ಕೈಗೆ ಬರುತ್ತದೆ ಎಂದುಕೊಳ್ಳಬೇಡಿ. ಹೊರಗಿನ ಡಿಸೈನರ್ ಮಾಡಿದ ಕೆಲಸದ ಹಕ್ಕು, ಬರಹದಲ್ಲಿ ವರ್ಗಾವಣೆ ಆಗದಿದ್ದರೆ, ಬಹಳ ದೇಶಗಳಲ್ಲಿ ಡಿಸೈನರ್ ಬಳಿಯೇ ಉಳಿಯುತ್ತದೆ. ನಾಳೆ ಯಾರೋ ಕದ್ದಾಗ ದೂರು ಕೊಡಲು ಹಕ್ಕು ಇರುವುದು ಯಾರಿಗೆ? ಕೆಲಸ ಶುರುವಾಗುವ ಮೊದಲೇ ಒಪ್ಪಂದದಲ್ಲಿ ಒಂದು ಸಾಲು ಬರೆದಿದ್ದರೆ ಇಬ್ಬರಿಗೂ ನೆಮ್ಮದಿ.

ಈಗ ಎಐ ಕೂಡ ಈ ಮಾತಿನೊಳಗೆ ಬಂದಿದೆ. ಬರೀ ಪ್ರಾಂಪ್ಟ್ (ಎಐಗೆ ಬರೆದ ಸೂಚನೆ) ಕೊಟ್ಟು ಬರೆಸಿದ್ದಕ್ಕೆ ಪ್ರಾಂಪ್ಟ್ ಕೊಟ್ಟವರು ಲೇಖಕರಾಗುವುದಿಲ್ಲ ಎಂದು ಅಮೆರಿಕದ ಕಾಪಿರೈಟ್ ಕಚೇರಿ 2025ರ ಜನವರಿಯ ವರದಿಯಲ್ಲಿ ಹೇಳಿತು. ಲೇಖಕ ಮನುಷ್ಯನೇ ಆಗಿರಬೇಕು ಎಂದು ಅಲ್ಲಿನ ಒಂದು ಮೇಲ್ಮನವಿ ನ್ಯಾಯಾಲಯ ಅದೇ ವರ್ಷದ ಮಾರ್ಚ್‌ನಲ್ಲಿ ತೀರ್ಪು ಕೊಟ್ಟಿತು. ಇನ್ನೊಂದು ಕಡೆ, ಬೀಜಿಂಗ್ ಇಂಟರ್ನೆಟ್ ಕೋರ್ಟ್ 2023ರ ನವೆಂಬರ್‌ನಲ್ಲಿ ಎಐ ಬಿಡಿಸಿದ ಒಂದು ಚಿತ್ರಕ್ಕೆ, ಅದನ್ನು ಮಾಡಿಸಿದವರ ಆಯ್ಕೆ ಮತ್ತು ತಿದ್ದುಪಡಿಗಳನ್ನು ನೋಡಿ, ರಕ್ಷಣೆ ಕೊಟ್ಟಿತು. ಒಂದೇ ಕೆಲಸ ಒಂದು ದೇಶದಲ್ಲಿ ಒಡೆತನ, ಇನ್ನೊಂದು ದೇಶದಲ್ಲಿ ಅನಾಥ. ಗಡಿ ದಾಟಿದ ಕಳವಿನಲ್ಲಿ ಇದು ಎದುರಿನವರ ಕೈಗೆ ಒಳ್ಳೆಯ ವಾದವಾಗುತ್ತದೆ: "ಇದನ್ನು ಬರೆದದ್ದು ನೀವಲ್ಲ, ಯಂತ್ರ." ಎಐ ಬಳಸುವುದು ತಪ್ಪಲ್ಲ. ಆದರೆ ಯಾವ ಭಾಗ ನಮ್ಮ ಕೈಯಿಂದ ಬಂತು, ಎಲ್ಲಿ ತಿದ್ದಿದೆವು ಎಂಬ ಜಾಡು ಉಳಿಸಿಕೊಳ್ಳಬೇಕು.

ಹಕ್ಕು ಗಡಿ ದಾಟುತ್ತದೆ, ತೀರ್ಪು ದಾಟುವುದಿಲ್ಲ

ಒಂದು ಒಳ್ಳೆಯ ಸುದ್ದಿಯೂ ಇದೆ. 1886ರ ಬರ್ನ್ ಒಪ್ಪಂದಕ್ಕೆ ಈಗ 180ಕ್ಕೂ ಹೆಚ್ಚು ದೇಶಗಳು ಸೇರಿವೆ. ಅದರ ಪ್ರಕಾರ ಒಂದು ಸದಸ್ಯ ದೇಶದ ಲೇಖಕರಿಗೆ ಇನ್ನೊಂದು ಸದಸ್ಯ ದೇಶ ತನ್ನವರಿಗೆ ಕೊಡುವಷ್ಟೇ ರಕ್ಷಣೆ ಕೊಡಬೇಕು. ಹಕ್ಕು ಹುಟ್ಟಲು ನೋಂದಣಿ ಬೇಡ, ಅರ್ಜಿ ಬೇಡ, ಪುಟದ ಕೆಳಗೆ ಕಾಪಿರೈಟ್ ಗುರುತೂ ಬೇಡ. ಕೋಡು ಬರೆದು ಉಳಿಸಿದ ಕ್ಷಣವೇ ಹಕ್ಕು ಹುಟ್ಟಿತು. ಅಮೆರಿಕ 1989ರಲ್ಲಿ ಸೇರಿದ ಮೇಲೆ ಅಲ್ಲಿಯೂ ಗುರುತು ಹಾಕುವ ಕಡ್ಡಾಯ ಹೋಯಿತು.

ಹಾಗಾದರೆ ಕಷ್ಟ ಎಲ್ಲಿ? ಜಗತ್ತಿಗೆಲ್ಲ ಒಂದೇ ಕಾಪಿರೈಟ್ ಎಂಬುದಿಲ್ಲ. ದೇಶಕ್ಕೊಂದು ಕಾಪಿರೈಟ್ ಇದೆ. ಯಾವ ದೇಶದಲ್ಲಿ ರಕ್ಷಣೆ ಕೇಳುತ್ತೇವೋ ಅಲ್ಲಿಯ ಕಾನೂನೇ ಲೆಕ್ಕಕ್ಕೆ. ಆಸ್ಟ್ರಿಯಾದ ಒಬ್ಬ ಛಾಯಾಗ್ರಾಹಕಿಯ ಫೋಟೊಗಳನ್ನು ಜರ್ಮನಿಯ ಒಂದು ಸಂಸ್ಥೆ ತನ್ನ ಸೈಟ್‌ನಲ್ಲಿ ಹಾಕಿಕೊಂಡಿತ್ತು. ಆಕೆ ತನ್ನ ದೇಶದಲ್ಲೇ ಕೇಸು ಹಾಕಿದರು. ಆ ಸೈಟ್ ಆಸ್ಟ್ರಿಯಾದಲ್ಲಿ ತೆರೆಯುತ್ತದೆ, ಹಾಗಾಗಿ ಅಲ್ಲಿಯ ಕೋರ್ಟ್ ಕೇಸು ಕೇಳಬಹುದು ಎಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2015ರಲ್ಲಿ ಹೇಳಿತು. ಆದರೆ ಪರಿಹಾರ ಸಿಗುವುದು ಆಸ್ಟ್ರಿಯಾದೊಳಗೆ ಆದ ನಷ್ಟಕ್ಕೆ ಮಾತ್ರ ಎಂದೂ ಹೇಳಿತು. ಕಾನೂನು ಬಹಳ ಮಟ್ಟಿಗೆ ಒಂದೇ ಆಗಿರುವ ಒಕ್ಕೂಟದೊಳಗೇ ಹೀಗೆ. ಅದರ ಹೊರಗಿನ ಪಾಡು ಊಹಿಸಬಹುದು, ಅಲ್ವಾ?

ತೀರ್ಪು ಕೈಗೆ ಬಂದ ಮೇಲೂ ದಾರಿ ಮುಗಿಯುವುದಿಲ್ಲ. ಒಂದು ದೇಶದ ಸಿವಿಲ್ ತೀರ್ಪನ್ನು ಇನ್ನೊಂದು ದೇಶ ಒಪ್ಪಿ ಜಾರಿ ಮಾಡಲಿ ಎಂದು 2019ರಲ್ಲಿ ಹೇಗ್‌ನಲ್ಲಿ ಒಂದು ಒಪ್ಪಂದ ಆಯಿತು. ಅದು 2023ರಲ್ಲಿ ಜಾರಿಗೂ ಬಂತು. ಆದರೆ ಬೌದ್ಧಿಕ ಆಸ್ತಿಯನ್ನು ಅದರಿಂದ ಹೊರಗಿಟ್ಟಿದ್ದಾರೆ. ಅಮೆರಿಕದಲ್ಲಿ ಸಣ್ಣ ಮೊತ್ತದ ಕಾಪಿರೈಟ್ ದೂರುಗಳಿಗೆಂದೇ 2022ರಿಂದ ಒಂದು ಮಂಡಳಿ ಇದೆ. ಅಲ್ಲಿಯೂ ಅಮೆರಿಕದ ಹೊರಗಿರುವವರ ಮೇಲೆ ದೂರು ಹೂಡುವಂತಿಲ್ಲ. ಒಂಟಿಯಾಗಿ ಕೆಲಸ ಮಾಡುವ ಡಿಸೈನರ್‌ಗೆ ಈ ಸ್ಥಿತಿ ನ್ಯಾಯವಲ್ಲ. ಕದ್ದ ಪುಟ ಒಂದು ಸೆಕೆಂಡಿನಲ್ಲಿ ಎಲ್ಲ ಗಡಿ ದಾಟುತ್ತದೆ. ಅದರ ವಿರುದ್ಧದ ತೀರ್ಪು ಒಂದು ಗಡಿ ದಾಟಲೂ ಒದ್ದಾಡುತ್ತದೆ. ಕಾನೂನು ಮಾಡುವವರು ಇದನ್ನು ಸರಿಪಡಿಸಬೇಕು. ಆದರೆ ಇವತ್ತು ಸೈಟ್ ಕಳೆದುಕೊಂಡವರು ಅಲ್ಲಿಯವರೆಗೆ ಕಾಯಲಾಗುವುದಿಲ್ಲ.

ಕಳ್ಳರನ್ನಲ್ಲ, ಮಧ್ಯದವರನ್ನು ಹುಡುಕಿ

ಕದ್ದವರು ಯಾರು, ಎಲ್ಲಿದ್ದಾರೆ ಎಂಬುದು ಗೊತ್ತಾಗದೇ ಇರಬಹುದು. ಆದರೆ ಅವರ ಸೈಟ್ ಗಾಳಿಯಲ್ಲಿ ನಿಂತಿಲ್ಲ. ಯಾರದೋ ಸರ್ವರ್‌ನಲ್ಲಿದೆ. ಡೊಮೈನನ್ನು, ಅಂದರೆ ಸೈಟ್‌ನ ಹೆಸರನ್ನು, ಯಾವುದೋ ರಿಜಿಸ್ಟ್ರಾರ್ ಮಾರಿದ್ದಾರೆ. ಸರ್ಚ್ ಎಂಜಿನ್ ಜನರನ್ನು ಕಳಿಸುತ್ತಿದೆ. ಜಾಹೀರಾತು ಅಥವಾ ಪಾವತಿ ಕಂಪನಿಯಿಂದ ಹಣ ಬರುತ್ತಿದೆ. ಇವರೆಲ್ಲರಿಗೂ ವಿಳಾಸ ಇದೆ, ಕಳೆದುಕೊಳ್ಳುವ ಹೆಸರೂ ಇದೆ. ಗಡಿಯಾಚೆಗಿನ ಕಳವಿನಲ್ಲಿ ನಿಜವಾಗಿ ಕೆಲಸ ಆಗುವುದು ಈ ಬಾಗಿಲುಗಳಲ್ಲಿ.

ಮೊದಲು ಹೋಸ್ಟಿಂಗ್ ಕಂಪನಿ, ಅಂದರೆ ಸೈಟನ್ನು ತನ್ನ ಸರ್ವರ್‌ನಲ್ಲಿ ಇಟ್ಟುಕೊಂಡವರು. ಡೊಮೈನ್‌ನ ಐಪಿ ವಿಳಾಸ ನೋಡಿದರೆ ಅದು ಯಾವ ಜಾಲಕ್ಕೆ ಸೇರಿದ್ದು ಎಂದು ತಿಳಿಯುತ್ತದೆ. ಕೆಲವೊಮ್ಮೆ ಅಲ್ಲಿ ಕ್ಲೌಡ್‌ಫ್ಲೇರ್‌ನಂಥ ಕಂಪನಿಯ ಹೆಸರು ಬರುತ್ತದೆ. ಬಹಳ ಸಲ ಅದು ಸೈಟನ್ನು ಇಟ್ಟುಕೊಂಡಿರುವುದಿಲ್ಲ, ಸೈಟ್‌ನ ಮುಂದೆ ನಿಂತಿರುತ್ತದೆ ಅಷ್ಟೇ. ಅಲ್ಲಿಗೆ ದೂರು ಕೊಟ್ಟರೆ ಹಿಂದಿರುವ ನಿಜವಾದ ಹೋಸ್ಟ್‌ಗೆ ಅದನ್ನು ದಾಟಿಸುತ್ತದೆ. ಡೊಮೈನ್ ಕೊಂಡವರ ವಿವರ ಸಿಗುವುದು ಈಗ ಕಷ್ಟ. 2018ರಲ್ಲಿ ಯುರೋಪಿನ ಖಾಸಗಿತನದ ಕಾನೂನು ಜಾರಿಯಾದ ಮೇಲೆ ಹೆಸರು, ವಿಳಾಸ ಹೆಚ್ಚಾಗಿ ಮುಚ್ಚಿರುತ್ತವೆ. ರಿಜಿಸ್ಟ್ರಾರ್ ಯಾರು, ದೂರಿಗೆ ಯಾವ ಇಮೇಲ್ ಎಂಬುದಂತೂ ಸಾಮಾನ್ಯವಾಗಿ ಸಿಗುತ್ತದೆ. ಸದ್ಯಕ್ಕೆ ಅಷ್ಟು ಸಾಕು.

ಹೋಸ್ಟ್ ಅಮೆರಿಕದ್ದಾದರೆ ಡಿಎಂಸಿಎ ಎಂಬ 1998ರ ಡಿಜಿಟಲ್ ಕಾಪಿರೈಟ್ ಕಾನೂನು ಕೈಗೆ ಬರುತ್ತದೆ. ಸರಿಯಾದ ನೋಟಿಸ್ ಬಂದ ಮೇಲೆ ಬೇಗ ತೆಗೆದುಹಾಕಿದ ಕಂಪನಿಗೆ ಹೊಣೆಯಿಂದ ವಿನಾಯಿತಿ ಇದೆ. ಹಾಗಾಗಿ ಅವರು ಕಿವಿಗೊಡುತ್ತಾರೆ. ನೋಟಿಸ್ ಕೊಡಲು ಅಮೆರಿಕದವರಾಗಿರಬೇಕಿಲ್ಲ, ವಕೀಲರೂ ಬೇಕಿಲ್ಲ. ಆದರೆ ಸುಮ್ನೆ "ನನ್ನ ಸೈಟ್ ಕದ್ದಿದ್ದಾರೆ" ಎಂದು ಬರೆದರೆ ಅದು ಕಸದ ಬುಟ್ಟಿಗೆ. ನಮ್ಮ ಮೂಲ ಪುಟದ ವಿಳಾಸ, ನಕಲಿನ ಒಂದೊಂದು ಪುಟದ ವಿಳಾಸ, ನಮ್ಮ ಸಂಪರ್ಕ, ಈ ಬಳಕೆಗೆ ಅನುಮತಿ ಇಲ್ಲವೆಂದು ಪ್ರಾಮಾಣಿಕವಾಗಿ ನಂಬಿದ್ದೇವೆ ಎಂಬ ಹೇಳಿಕೆ, ಕೊಟ್ಟ ಮಾಹಿತಿ ನಿಜ ಎಂಬ ಹೇಳಿಕೆ, ಹಕ್ಕುದಾರರ ಪರವಾಗಿ ದೂರು ಕೊಡಲು ನಮಗೆ ಅಧಿಕಾರ ಇದೆ ಎಂಬ ಪ್ರಮಾಣ, ಕೊನೆಗೆ ಸಹಿ. ಇಷ್ಟೂ ಇರಬೇಕು. "ನನ್ನ ಡಿಸೈನ್ ಹಾಗೆ ಕಾಣುತ್ತದೆ" ಎಂದು ಬರೆಯುವ ಬದಲು "ಈ ಫೈಲಿನ ಈ ಸಾಲುಗಳು, ಈ 12 ಚಿತ್ರಗಳು, ಈ ನಾಲ್ಕು ಪ್ಯಾರಾಗಳು" ಎಂದು ಬರೆಯಿರಿ. ಹಿಂದೆ ಹೇಳಿದ ಐಕಾನ್‌ಗಳ ಕಥೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಗಟ್ಟಿಯಾಗಿ ನಮ್ಮದಾಗಿರುವುದನ್ನು ಮುಂದಿಟ್ಟರೆ ನೋಟದ ಚರ್ಚೆಯೇ ಏಳುವುದಿಲ್ಲ.

ಎದುರಿನವರು ಪ್ರತಿ ನೋಟಿಸ್ ಕೊಡಬಹುದು. ಆಗ ನಾವು ಕೋರ್ಟಿಗೆ ಹೋಗದಿದ್ದರೆ 10ರಿಂದ 14 ಕೆಲಸದ ದಿನಗಳೊಳಗೆ ಕಂಪನಿ ಪುಟವನ್ನು ಮತ್ತೆ ಹಾಕಬೇಕಾಗುತ್ತದೆ. ಇದನ್ನು ಕೇಳಿ ಧೈರ್ಯ ಕಳೆದುಕೊಳ್ಳಬೇಡಿ. ಪ್ರತಿ ನೋಟಿಸ್ ಕೊಡುವವರು ತಮ್ಮ ಹೆಸರು, ವಿಳಾಸ, ಫೋನ್ ನಂಬರ್ ಬರೆಯಬೇಕು. ಅಮೆರಿಕದ ಹೊರಗಿದ್ದರೂ ಅಲ್ಲಿಯ ಫೆಡರಲ್ ಕೋರ್ಟಿನ ವ್ಯಾಪ್ತಿಗೆ ಒಪ್ಪಿಗೆ ಕೊಡಬೇಕು. ಬಚ್ಚಿಟ್ಟುಕೊಂಡು ಕದಿಯುವವರಿಗೆ ಇದು ಬೆಳಕಿಗೆ ಬಂದು ನಿಂತ ಹಾಗೆ.

ಯುರೋಪಿನಲ್ಲಿ ಡಿಜಿಟಲ್ ಸೇವೆಗಳ ಕಾಯ್ದೆ 2024ರ ಫೆಬ್ರವರಿ 17ರಿಂದ ಎಲ್ಲ ಹೋಸ್ಟಿಂಗ್ ಸೇವೆಗಳಿಗೂ ಅನ್ವಯಿಸುತ್ತಿದೆ. ದೂರು ಸ್ವೀಕರಿಸಲು ಸುಲಭವಾದ ವ್ಯವಸ್ಥೆ ಇರಲೇಬೇಕು, ತೀರ್ಮಾನವನ್ನು ದೂರುದಾರರಿಗೆ ತಿಳಿಸಬೇಕು ಎಂಬುದು ಅದರ ನಿಯಮ. ದೂರುಗಳಿಗೆ ಕಿವಿಗೊಡುವುದಿಲ್ಲ ಎಂದೇ ಜಾಹೀರಾತು ಮಾಡುವ ಹೋಸ್ಟ್‌ಗಳೂ ಇದ್ದಾರೆ. ಅಂಥ ಕಡೆ ಸಮಯ ಕಳೆಯುವುದು ಬೇಡ. ನೇರ ಸರ್ಚ್ ಎಂಜಿನ್‌ಗೆ ಹೋಗಿ. ಹುಡುಕಿದಾಗ ಸಿಗದ ನಕಲಿಗೆ ಓದುಗರೂ ಇಲ್ಲ, ಆದಾಯವೂ ಇಲ್ಲ. ಒಂದು ವಿಷಯ ಗೊತ್ತಿರಲಿ: ಗೂಗಲ್‌ಗೆ ಕೊಟ್ಟ ಇಂಥ ದೂರುಗಳ ಪ್ರತಿ ಲ್ಯೂಮೆನ್ ಎಂಬ ಸಾರ್ವಜನಿಕ ಸಂಗ್ರಹಕ್ಕೆ ಹೋಗುತ್ತದೆ. ನಿಮ್ಮ ದೂರನ್ನು ಯಾರು ಬೇಕಾದರೂ ಓದಬಹುದು ಎಂದುಕೊಂಡೇ ಬರೆಯಿರಿ.

ನಮ್ಮ ಹೆಸರನ್ನೇ ಹೋಲುವ ಡೊಮೈನ್ ಇಟ್ಟುಕೊಂಡು ಸೈಟನ್ನು ನಕಲು ಮಾಡಿದ್ದರೆ, ಮತ್ತು ಆ ಹೆಸರಿನಲ್ಲಿ ನಮಗೆ ಟ್ರೇಡ್‌ಮಾರ್ಕ್ ಹಕ್ಕು ಇದ್ದರೆ, 1999ರಿಂದ ಇರುವ ಯುಡಿಆರ್‌ಪಿ, ಅಂದರೆ ಡೊಮೈನ್ ಹೆಸರಿನ ಜಗಳ ಬಗೆಹರಿಸುವ ನಿಯಮ, ಎಲ್ಲಕ್ಕಿಂತ ಗಟ್ಟಿ ದಾರಿ. ಕೋರ್ಟಿಗೆ ಹೋಗದೆ ವೈಪೊ (ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ) ಥರದ ಸಂಸ್ಥೆಯ ಮುಂದೆ ದೂರು ಕೊಟ್ಟು, ಗೆದ್ದರೆ ಆ ಡೊಮೈನನ್ನೇ ನಮ್ಮ ಹೆಸರಿಗೆ ಮಾಡಿಸಿಕೊಳ್ಳಬಹುದು. ಡಾಟ್ ಕಾಮ್‌ನಂಥ ಡೊಮೈನ್ ಆದರೆ ಕದ್ದವರು ಯಾವ ದೇಶದಲ್ಲಿದ್ದರೂ ಅಡ್ಡಿಯಿಲ್ಲ.

ದಿನಾಂಕ ಯಾರ ಗಡಿಯಾರದ್ದು?

ಈ ಎಲ್ಲ ಬಾಗಿಲುಗಳಲ್ಲೂ ಕೇಳುವ ಪ್ರಶ್ನೆ ಒಂದೇ. ಮೊದಲು ಯಾರದ್ದು ಇತ್ತು? ಇಲ್ಲಿ "ನನ್ನ ಗಿಟ್ ಇತಿಹಾಸ ನೋಡಿ" ಎಂದರೆ ಸಾಕೇ? ಪೂರ್ತಿ ಸಾಲದು. ಗಿಟ್ ಕಮಿಟ್‌ನ, ಅಂದರೆ ಅದರಲ್ಲಿ ದಾಖಲಾದ ಒಂದೊಂದು ಬದಲಾವಣೆಯ, ದಿನಾಂಕ ನಮ್ಮದೇ ಕಂಪ್ಯೂಟರ್‌ನ ಗಡಿಯಾರದಿಂದ ಬರುತ್ತದೆ. ಅದನ್ನು ಯಾರು ಬೇಕಾದರೂ ಹಿಂದಕ್ಕೆ ತಿರುಗಿಸಬಹುದು. ಆದ್ದರಿಂದ ಬೇರೆಯವರ ಗಡಿಯಾರ ಬೇಕು.

ಇದಕ್ಕೆ ದಾರಿಗಳಿವೆ. ಕೋಡನ್ನು ಆಗಾಗ ಹೊರಗಿನ ರೆಪೊಸಿಟರಿಗೆ (ಬೇರೆ ಕಂಪನಿಯ ಕೋಡ್ ಸಂಗ್ರಹಕ್ಕೆ) ಕಳಿಸುತ್ತಿದ್ದರೆ ಅದು ತಲುಪಿದ ಹೊತ್ತು ಅವರ ದಾಖಲೆಯಲ್ಲಿ ಉಳಿಯಬಹುದು. ವೆಬ್ ಪುಟಗಳ ಹಳೆಯ ಪ್ರತಿಗಳನ್ನು ದಿನಾಂಕ ಸಮೇತ ಉಳಿಸುವ, ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್‌ನಲ್ಲಿ ನಮ್ಮ ಪುಟವನ್ನು ನಾವೇ ಉಳಿಸಬಹುದು. ಹೊಸ ವಿನ್ಯಾಸ ಲೈವ್ ಆದ ದಿನವೇ ಉಳಿಸಿ. ಕದ್ದ ಪುಟ ಕಂಡ ಕೂಡಲೇ ಅದನ್ನೂ ಉಳಿಸಿ, ದೂರು ಕೊಡುವ ಮೊದಲು. ದೂರು ಹೋದ ಮೇಲೆ ಸಾಕ್ಷಿ ಮಾಯವಾಗುವುದು ಮಾಮೂಲು. ಇನ್ನೂ ಗಟ್ಟಿ ಬೇಕೆಂದರೆ ಟೈಮ್‌ಸ್ಟ್ಯಾಂಪ್ ಸೇವೆಗಳಿವೆ. ಫೈಲಿನ ಹ್ಯಾಶ್, ಅಂದರೆ ಅದರ ಬೆರಳಚ್ಚಿನಂಥ ಸಂಖ್ಯೆಯನ್ನು ಕಳಿಸಿದರೆ ದಿನ, ಹೊತ್ತು ಸೇರಿಸಿ ಡಿಜಿಟಲ್ ಸಹಿ ಹಾಕಿ ಕೊಡುತ್ತಾರೆ. ಕೋಡನ್ನು ತೋರಿಸಬೇಕಾಗಿಯೇ ಇಲ್ಲ. ಯುರೋಪಿಯನ್ ಒಕ್ಕೂಟದಲ್ಲಿ ಮಾನ್ಯತೆ ಪಡೆದ ಟೈಮ್‌ಸ್ಟ್ಯಾಂಪ್‌ನ ದಿನಾಂಕ ಸರಿ ಎಂದೇ ಕಾನೂನು ಹಿಡಿಯುತ್ತದೆ. ಅದು ತಪ್ಪೆಂದು ತೋರಿಸುವ ಹೊಣೆ ಎದುರಿನವರದು. ಚೀನಾದ ಹ್ಯಾಂಗ್‌ಜೌ ಇಂಟರ್ನೆಟ್ ಕೋರ್ಟ್ 2018ರಲ್ಲಿ ಬ್ಲಾಕ್‌ಚೈನ್‌ನಲ್ಲಿ, ಅಂದರೆ ಆಮೇಲೆ ತಿದ್ದಲು ಬಹಳ ಕಷ್ಟವಾದ ಡಿಜಿಟಲ್ ದಾಖಲೆಯಲ್ಲಿ, ಉಳಿಸಿದ್ದ ಸಾಕ್ಷಿಯನ್ನೂ ಒಪ್ಪಿಕೊಂಡಿತು.

ನೋಂದಣಿ ಬೇಡ ಎಂದು ಬರ್ನ್ ಹೇಳಿದರೂ ಒಂದು ಕಡೆ ಅದರಿಂದ ದೊಡ್ಡ ಲಾಭ ಇದೆ. ಬೇರೆ ದೇಶದ ಕೃತಿಗೆ ಅಮೆರಿಕದಲ್ಲಿ ನೋಂದಣಿ ಇಲ್ಲದೆಯೂ ಕೇಸು ಹಾಕಬಹುದು. ಆದರೆ ಕಳವಿಗೆ ಮೊದಲೇ, ಅಥವಾ ಪ್ರಕಟವಾದ ಮೂರು ತಿಂಗಳೊಳಗೆ ನೋಂದಾಯಿಸಿದ್ದರೆ ಮಾತ್ರ ಕಾನೂನೇ ಗೊತ್ತು ಮಾಡಿದ ಪರಿಹಾರ ಕೇಳಬಹುದು. ಅದು ಒಂದು ಕೃತಿಗೆ 750ರಿಂದ 30,000 ಡಾಲರ್, ಬೇಕೆಂದೇ ಕದ್ದಿದ್ದರೆ 1,50,000 ಡಾಲರ್‌ವರೆಗೆ. ಇಲ್ಲದಿದ್ದರೆ ನಷ್ಟ ಎಷ್ಟು ಎಂದು ನಾವೇ ಲೆಕ್ಕ ಒಪ್ಪಿಸಬೇಕು. ಒಂದು ಪುಟ ನಕಲಾದದ್ದಕ್ಕೆ ಎಷ್ಟು ನಷ್ಟ ಆಯಿತು ಎಂದು ಹೇಗೆ ಲೆಕ್ಕ ಹಾಕುವುದು? ಎಷ್ಟೋ ಕೇಸು ಅಲ್ಲೇ ನಿಂತುಬಿಡಬಹುದು. ಕೋಡ್ ನೋಂದಾಯಿಸುವಾಗ ಪೂರ್ತಿ ಕೊಡಬೇಕಿಲ್ಲ. ಮೊದಲ 25, ಕೊನೆಯ 25 ಪುಟ ಸಾಮಾನ್ಯವಾಗಿ ಸಾಕು, ಗುಟ್ಟಿನ ಭಾಗಕ್ಕೆ ಕಪ್ಪು ಹಚ್ಚಲೂ ಅವಕಾಶ ಇದೆ.

ರೂರಲ್ ಇಟ್ಟಂಥ ಬಲೆ ಇಲ್ಲಿಯೂ ಕೆಲಸಕ್ಕೆ ಬರುತ್ತದೆ. ಯಾವ ಕೆಲಸವನ್ನೂ ಮಾಡದ ಒಂದು ಸಿಎಸ್ಎಸ್ ನಿಯಮ, ವಿಚಿತ್ರ ಹೆಸರಿನ ಒಂದು ವೇರಿಯಬಲ್, ಚಿತ್ರದೊಳಗೆ ಕಣ್ಣಿಗೆ ಕಾಣದ ಗುರುತು. ಇಬ್ಬರು ಬೇರೆಬೇರೆಯಾಗಿ ಕೂತು ಒಂದೇ ಅರ್ಥವಿಲ್ಲದ ಸಾಲು ಬರೆಯುವುದು ಸಾಧ್ಯವಿಲ್ಲ. ಎಷ್ಟೋ ಸಲ ಬಲೆ ಇಡುವ ಅಗತ್ಯವೂ ಬೀಳುವುದಿಲ್ಲ. ಅವಸರದಲ್ಲಿ ಎತ್ತಿದವರು ಸೈಟ್‌ಗೆ ಬಂದವರನ್ನು ಎಣಿಸುವ ನಮ್ಮ ಅನಲಿಟಿಕ್ಸ್ ಐಡಿಯನ್ನು ಹಾಗೆಯೇ ಬಿಟ್ಟಿರುತ್ತಾರೆ, ಅವರ ಸೈಟ್‌ಗೆ ಬಂದವರ ಲೆಕ್ಕ ನಮ್ಮ ವರದಿಯಲ್ಲಿ ಬರುತ್ತದೆ. ಚಿತ್ರಗಳನ್ನು ನಮ್ಮ ಸರ್ವರ್‌ನಿಂದಲೇ ಎಳೆಯುತ್ತಿದ್ದರೆ ನಮ್ಮ ಸರ್ವರ್ ಲಾಗ್‌ನಲ್ಲಿ ಅವರ ವಿಳಾಸ ಬೀಳುತ್ತದೆ. ತಿಂಗಳಿಗೊಮ್ಮೆ ಆ ಲಾಗ್ ತೆರೆದು ನೋಡುವ ಅಭ್ಯಾಸ ಬಲ ಕ್ಲಿಕ್ ತಡೆಯುವ ನೂರು ಸ್ಕ್ರಿಪ್ಟ್‌ಗಿಂತ ಮೇಲು.

ಇದೇ ದಾಖಲೆ ಇನ್ನೊಂದು ದಿನಕ್ಕೂ ಬೇಕಾಗುತ್ತದೆ. ದೂರು ನಮ್ಮ ಮೇಲೆಯೇ ಬಂದ ದಿನ. ಟೇಕ್‌ಡೌನ್ ವ್ಯವಸ್ಥೆ, ಅಂದರೆ ನೋಟಿಸ್ ಬಂದರೆ ಪುಟ ತೆಗೆಯುವ ಈ ಏರ್ಪಾಡು, ದೂರು ಕೊಟ್ಟವರನ್ನು ಮೊದಲು ನಂಬುತ್ತದೆ. ಅದೇ ಅದರ ಬಲ, ಅದೇ ಅದರ ಬಿರುಕು. ಕೆಲವರು ಬೇರೆಯವರ ಪುಟ ನಕಲು ಮಾಡಿ, ಹಳೆಯ ದಿನಾಂಕ ಹಾಕಿ, ಮೂಲವನ್ನು ಬರೆದವರ ಮೇಲೆಯೇ ನೋಟಿಸ್ ಕಳಿಸುತ್ತಾರೆ. 2023ರ ನವೆಂಬರ್‌ನಲ್ಲಿ ಗೂಗಲ್ ಇಂಥ ಸುಳ್ಳು ದೂರುಗಳ ಬಗ್ಗೆ ಕ್ಯಾಲಿಫೋರ್ನಿಯಾದ ಕೋರ್ಟಿಗೆ ಹೋಯಿತು. ಪ್ರತಿಸ್ಪರ್ಧಿಗಳನ್ನು ಹುಡುಕಾಟದಿಂದ ಕಿತ್ತುಹಾಕಲು ಹತ್ತಾರು ಖಾತೆಗಳಿಂದ ಸಾವಿರಾರು ಸುಳ್ಳು ದೂರು ಕೊಟ್ಟರು, ಲಕ್ಷಕ್ಕೂ ಹೆಚ್ಚು ಸೈಟ್ ವಿಳಾಸಗಳು ಅದಕ್ಕೆ ಗುರಿಯಾದವು ಎಂಬುದು ಅದರ ಆರೋಪ. ಬೇಕೆಂದೇ ಸುಳ್ಳು ನೋಟಿಸ್ ಕೊಟ್ಟವರು ನಷ್ಟ ತುಂಬಿಕೊಡಬೇಕು ಎಂದು ಡಿಎಂಸಿಎಯಲ್ಲೇ ಇದೆ. ಆದರೆ ಆ ಪರಿಹಾರ ಬರುವ ಹೊತ್ತಿಗೆ ಪುಟ ಕಾಣೆಯಾಗಿ ತಿಂಗಳುಗಳೇ ಕಳೆದಿರಬಹುದು.

ಅಂಥ ನೋಟಿಸ್ ಬಂದಾಗ ಮಾಡಬೇಕಾದದ್ದು ಅದೇ ದಿನ ಪ್ರತಿ ನೋಟಿಸ್ ಕಳಿಸುವುದು. ಜೊತೆಗೆ ಆರ್ಕೈವ್‌ನ ಪ್ರತಿ, ಟೈಮ್‌ಸ್ಟ್ಯಾಂಪ್, ಡಿಸೈನರ್ ಜೊತೆಗಿನ ಒಪ್ಪಂದ ಇವನ್ನು ಲಗತ್ತಿಸಿ. 10 ಕೆಲಸದ ದಿನಗಳ ಲೆಕ್ಕ ಶುರುವಾಗುವುದು ಅದು ಕಂಪನಿಯ ಕೈ ಸೇರಿದ ಮೇಲೆ.